ಇಲ್ಲವೆನ್ನುತ್ತಲೇ ಹೌದೆನ್ನುವ ಹಾಡು

ಮಾನ್ಯರೇ,

ಕಳೆದ ವಾರ ರಾತ್ರಿ ಎಫ್‌ಎಂ ವಾಹಿನಿಯೊಂದು ಬ್ರಿಟನ್ನಿನ ಟೆನ್ ಸಿಸಿ ತಂಡದ ‘ಐಯಾಮ್ ನಾಟ್ ಇನ್ ಲವ್’ (ನಾನೇನೂ ಪ್ರೀತಿಯಲ್ಲಿ ಬಿದ್ದಿಲ್ಲ) ಹಾಡನ್ನು ಪ್ರಸಾರ ಮಾಡಿ, ಜಾಹೀರಾತಿಗಾಗಿ ಅರ್ಧಕ್ಕೇ ಕತ್ತರಿಸಿತು. ಆರು ನಿಮಿಷ ಯಾರು ಕೇಳುತ್ತಾರೆ ಎಂಬುದು ಅವರ ಲೆಕ್ಕಾಚಾರವಿರಬಹುದು. ಆದರೆ 1975ರಲ್ಲಿ ಬಂದು, ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೂ ಏರಿದ ಈ ಹಾಡು ಇಂದಿಗೂ ಹಳಸದೆ ಉಳಿದಿರುವುದಕ್ಕೆ ಅದರ ಅವಸರವಿಲ್ಲದ ನಡೆಯೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ತಂಡದ ಎರಿಕ್ ಸ್ಟುವರ್ಟ್ ಮತ್ತು ಗ್ರಹಾಂ ಗೂಲ್ಡ್‌ಮನ್ ಇದನ್ನು ಮೊದಲು ಬ್ರೆಜಿಲಿನ ಬೊಸ್ಸಾನೋವಾ ಧಾಟಿಯಲ್ಲಿ ಕಟ್ಟಿದ್ದರು. ತಂಡಕ್ಕೆ ಅದು ಹಿಡಿಸದೆ ಟೇಪನ್ನೇ ಅಳಿಸಿಹಾಕಲಾಯಿತು. ಧ್ವನಿಮುದ್ರಣ ನಡೆದಿದ್ದ, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದ ಸಿಬ್ಬಂದಿ ಮಾತ್ರ ಅದನ್ನು ಗುನುಗುವುದನ್ನು ಬಿಡಲಿಲ್ಲ. ಹೀಗಾಗಿ ಮತ್ತೆ ಕೈಗೆತ್ತಿಕೊಂಡಾಗ, ವಾದ್ಯಗಳ ಬದಲು ಕಂಠಗಳಿಂದಲೇ ಹಾಡನ್ನು ತುಂಬಿಸೋಣ ಎಂದವರು ತಂಡದ ಇನ್ನೊಬ್ಬ ಸದಸ್ಯ ಕೆವಿನ್ ಗಾಡ್ಲಿ. ಮೂವರು ಗಾಯಕರು ಒಂದೊಂದು ಸ್ವರವನ್ನೂ ‘ಆ’ ಎಂದು ಎಳೆದು 16 ಬಾರಿ ಹಾಡಿ, ಸ್ವರಕ್ಕೆ 48 ಕಂಠಗಳಂತೆ ಮುದ್ರಿಸಿದರು. ಮೂರು ವಾರ ಹಿಡಿದ ಈ ಕೆಲಸದ ಫಲವನ್ನು ತುದಿಗೆ ತುದಿ ಅಂಟಿಸಿದ ಉದ್ದನೆಯ ಟೇಪಿನ ಕುಣಿಕೆಗಳಲ್ಲಿ ನಿಲ್ಲದೆ ಸುತ್ತಲು ಬಿಟ್ಟು, ಮಿಕ್ಸಿಂಗ್ ಮೇಜಿನಲ್ಲಿ ದನಿಯನ್ನು ಏರಿಸಿ ಇಳಿಸುವ ಜಾರುಗುಂಡಿಗಳನ್ನೇ ವಾದ್ಯದಂತೆ ನುಡಿಸಿದರು. ಗುಂಡಿಗಳು ಪೂರ್ತಿ ಕೆಳಗಿಳಿಯದಂತೆ ಅಂಟುಪಟ್ಟಿ ಹಚ್ಚಿದ್ದರಿಂದ, ಸ್ವರಗಳೆಲ್ಲವೂ ಹಿನ್ನೆಲೆಯಲ್ಲಿ ಸಣ್ಣಗೆ ಉಸಿರಾಡುತ್ತಲೇ ಇರುತ್ತವೆ. ನಮ್ಮ ಸಂಗೀತ ಕಚೇರಿಯ ತಂಬೂರಿಯ ಹಾಗೆ ಎನ್ನೋಣವೆಂದರೆ, ಹನ್ನೆರಡೂ ಸ್ವರಸ್ಥಾನಗಳು ಒಟ್ಟಿಗೆ ಮೊರೆಯುವ ತಂಬೂರಿಯನ್ನು ಯಾವ ವಿದ್ವಾಂಸರೂ ವೇದಿಕೆಗೆ ಹತ್ತಿಸಲಾರರು! ಆದರೂ ಇಲ್ಲಿ ಅದು ಅಪಸ್ವರವಾಗದೆ, ಬೆಳಗಿನ ಮಂಜಿನಂತೆ ಕವಿದುಕೊಳ್ಳುತ್ತದೆ.

ಪ್ರೀತಿಸುತ್ತೇನೆಂದು ನೀವೇಕೆ ಆಗಾಗ ಹೇಳುವುದಿಲ್ಲ ಎಂದು ಹೆಂಡತಿ ಕೇಳಿದ ಪ್ರಶ್ನೆಯಿಂದ ಹಾಡು ಹುಟ್ಟಿತೆಂದು ಸ್ಟುವರ್ಟ್ ಹೇಳಿಕೊಂಡಿದ್ದಾರೆ. ಅದಕ್ಕೆ ಅವರು ಕೊಟ್ಟ ಉತ್ತರ ನಮ್ಮ ದಾಸರ ನಿಂದಾಸ್ತುತಿಯ ಜಾತಿಗೆ ಸೇರಿದ್ದು. ನಿನ್ನ ಭಾವಚಿತ್ರವನ್ನು ತೂಗುಹಾಕಿರುವುದು ಗೋಡೆಯ ಕಲೆ ಮುಚ್ಚಲಿಕ್ಕಷ್ಟೇ ಎನ್ನುವ ನಾಯಕ, ಮರುಕ್ಷಣವೇ ಅದನ್ನು ವಾಪಸು ಮಾತ್ರ ಕೇಳಬೇಡ ಎನ್ನುತ್ತಾನೆ. ಮನಸ್ಸನ್ನು ಬಿಚ್ಚಿ ಹರಡುವ ಪ್ರೇಮಗೀತೆಗಳು ಸಾವಿರವಿವೆ. ಈ ಒಂದು ಸಾಲಿನ ಸುಳ್ಳಿನಲ್ಲಿರುವಷ್ಟು ಸಂಕಟ ಅವುಗಳಲ್ಲಿ ಅಪರೂಪ. ನಡುವೆ ಹಾಡು ಬಹುಪಾಲು ನಿಂತೇಹೋದಾಗ ದೊಡ್ಡ ಹುಡುಗರು ಅಳುವುದಿಲ್ಲ ಎಂದು ಹೆಣ್ಣಿನ ಪಿಸುದನಿಯೊಂದು ಕೇಳಿಸುತ್ತದೆ. ಆಕೆ ಗಾಯಕಿಯಲ್ಲ, ಅದೇ ಸ್ಟುಡಿಯೋದ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಅಲ್ಲಿಯವರೆಗೆ ಆತ ಕಟ್ಟಿಕೊಂಡ ಬಿಗುಮಾನವೆಲ್ಲ ಆ ಪಿಸುಮಾತಿಗೆ ಕರಗುತ್ತದೆ.

ಅಂದು ಜಾಹೀರಾತು ಬಂದದ್ದು ಸರಿಯಾಗಿ ಅದಕ್ಕೆ ಮೊದಲು. ಪಾಶ್ಚಾತ್ಯ ಗೀತೆಗಳನ್ನು ಪ್ರಸಾರ ಮಾಡುವ ವಾಹಿನಿಗಳು ವಾರಕ್ಕೊಂದು ರಾತ್ರಿಯಾದರೂ ಇಂಥ ಹಾಡುಗಳನ್ನು, ನಡುವೆ ಮಾತಾಡದೆ, ಕೊನೆಯವರೆಗೂ ಕೇಳಿಸಬೇಕೆಂದು ಕೋರುತ್ತೇನೆ.

– ಒಬ್ಬ ಕೇಳುಗ, ಮೈಸೂರು