ಬೆಣ್ಣೆಹಣ್ಣಿನ ಟೋಸ್ಟ್ ಮತ್ತು ಮೊಟ್ಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಬೆಣ್ಣೆಹಣ್ಣಿನ (ಅವಕಾಡೊ) ಟೋಸ್ಟ್ ಮಾಡಿದಾಗಲೆಲ್ಲ ಬ್ರೆಡ್ಡು ಮೆತ್ತಗಾಗಿ ಕೈಯಲ್ಲೇ ಬಾಗುತ್ತದೆ, ಮೇಲಿಟ್ಟ ಮೊಟ್ಟೆ ಜಾರಿ ತಟ್ಟೆಗೆ ಬೀಳುತ್ತದೆ ಎಂದು ಬರೆದಿದ್ದೆಯಲ್ಲ, ಅದು ಎರಡು ಸಾಲಿನಲ್ಲಿ ಉತ್ತರ ಕೊಡುವ ಪ್ರಶ್ನೆಯಲ್ಲ. ಹಾಗಾಗಿ ಈ ಪತ್ರ. ಸಾಮಾನು ಮೂರೇ: ಬ್ರೆಡ್ಡು, ಹಣ್ಣು, ಮೊಟ್ಟೆ. ಆದರೆ ಮೂರರಲ್ಲೂ ನೀರಿದೆ. ಆ ನೀರು ಎಲ್ಲಿಂದ ಹೋಗಬೇಕು, ಎಲ್ಲಿ ಉಳಿಯಬೇಕು ಅನ್ನುವುದು ಗೊತ್ತಾದರೆ ನಿನ್ನ ಎರಡೂ ತೊಂದರೆ ಒಟ್ಟಿಗೇ ಬಗೆಹರಿಯುತ್ತವೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಎರಡು ಟೋಸ್ಟಿಗೆ ಮಧ್ಯಮ ಗಾತ್ರದ ಒಂದು ಹಣ್ಣು ಸಾಕು. ಸುಮಾರು 200 ಗ್ರಾಂ ತೂಗುವ ಹಣ್ಣಿನಲ್ಲಿ ಸಿಪ್ಪೆ, ಬೀಜ ಕಳೆದರೆ 140 ಗ್ರಾಂನಷ್ಟು ತಿರುಳು ಸಿಗುತ್ತದೆ, ಅಂದರೆ ಒಂದು ಟೋಸ್ಟಿಗೆ 70 ಗ್ರಾಂ. ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಎರಡು ಬ್ರೆಡ್ ಹೋಳು, ಎರಡು ಮೊಟ್ಟೆ, ಎರಡು ಟೀ ಚಮಚ ನಿಂಬೆರಸ, ಕಾಲು ಟೀ ಚಮಚ ಉಪ್ಪು, ನಾಲ್ಕು ಟೀ ಚಮಚ ಬೆಣ್ಣೆ, ಆಗಲೇ ಕುಟ್ಟಿದ ಕಾಳುಮೆಣಸು. ಬೇಕಿದ್ದರೆ ಒಂದು ಚಿಟಿಕೆ ಒಣಮೆಣಸಿನ ತರಿ.

ಹಣ್ಣಿನ ಹದವೇ ಅರ್ಧ ಅಡುಗೆ. ಬೆಣ್ಣೆಹಣ್ಣು ಮರದಲ್ಲಿರುವ ತನಕ ಮೆತ್ತಗಾಗುವುದಿಲ್ಲ, ಕಿತ್ತ ಮೇಲೆಯೇ ಹಣ್ಣಾಗುವುದು. ಆದ್ದರಿಂದ ಗಟ್ಟಿಕಾಯಿ ತಂದರೆ ಕೆಟ್ಟ ಮಾಲು ಎಂದುಕೊಳ್ಳಬೇಡ. ಅಡುಗೆಮನೆಯ ಮೂಲೆಯಲ್ಲಿ ಬಿಸಿಲು ಬೀಳದ ಕಡೆ ಇಟ್ಟರೆ ನಾಲ್ಕಾರು ದಿನದಲ್ಲಿ ಹದಕ್ಕೆ ಬರುತ್ತದೆ. ಅವಸರವಿದ್ದರೆ ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನೊಂದಿಗೆ ಇಟ್ಟು ಬಾಯಿ ಮಡಚು. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಇದನ್ನೂ ಬೇಗ ಮಾಗಿಸುತ್ತದೆ. ಕಾಯಿಯನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡ. ತಂಪಿನಲ್ಲಿ ಮಾಗುವುದು ನಿಂತುಹೋಗುತ್ತದೆ, ಬಹಳ ದಿನ ಇದ್ದರೆ ಒಳಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಮಾಗಿದ ಹಣ್ಣನ್ನು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಧಾರಾಳವಾಗಿ ಇಡಬಹುದು. ಮೈಕ್ರೋವೇವಿನಲ್ಲಿ ಇಟ್ಟು ಹಣ್ಣು ಮಾಡುವ ಉಪಾಯವನ್ನು ಯಾರೇ ಹೇಳಿದರೂ ನಂಬಬೇಡ. ಬಿಸಿಗೆ ತಿರುಳು ಮೆತ್ತಗಾಗುತ್ತದೆ ನಿಜ, ಮಾಗಿದ ರುಚಿ ಮಾತ್ರ ಬರುವುದಿಲ್ಲ. ಕಹಿಯೂ ಏಳುತ್ತದೆ.

ಸಿಪ್ಪೆ ಕಪ್ಪಾದರೆ ಹಣ್ಣಾಯಿತು ಎಂಬ ಮಾತು ಎಲ್ಲ ತಳಿಗೂ ಹೊಂದುವುದಿಲ್ಲ. ಅದು ಮುಖ್ಯವಾಗಿ ಹ್ಯಾಸ್ ತಳಿಯ ಗುಣ. ಕ್ಯಾಲಿಫೋರ್ನಿಯಾದಲ್ಲಿ ಅಂಚೆಯವನಾಗಿದ್ದ ರುಡಾಲ್ಫ್ ಹ್ಯಾಸ್ ಬೆಳೆಸಿ 1935ರಲ್ಲಿ ಪೇಟೆಂಟ್ ಪಡೆದ ತಳಿಯದು, ಮಾಗುತ್ತ ಹಸಿರಿನಿಂದ ಕಡುನೇರಳೆಗೆ ತಿರುಗುತ್ತದೆ. ಫ್ಯುಯೆರ್ಟೆಯಂಥ ನುಣುಪು ಸಿಪ್ಪೆಯ ತಳಿಗಳು ಮಾಗಿದ ಮೇಲೂ ಹಸಿರಾಗಿಯೇ ಇರುತ್ತವೆ. ಅವು ಕಪ್ಪಾಗಲಿ ಎಂದು ಕಾಯುತ್ತ ಕೂತರೆ ಒಳಗೆ ಕೊಳೆತೇ ಹೋಗುತ್ತವೆ. ಕಣ್ಣಿಗಿಂತ ಕೈಯನ್ನು ನಂಬು. ಹಣ್ಣನ್ನು ಅಂಗೈಯಲ್ಲಿ ಹಿಡಿದು ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತು. ತುಸು ಒಳಸರಿದು ಬಿಟ್ಟ ಕೂಡಲೇ ಮೇಲೆದ್ದರೆ ಇವತ್ತಿಗೆ ಸರಿಯಾದ ಹಣ್ಣು. ಗುಳಿ ಹಾಗೇ ಉಳಿದರೆ ಅಥವಾ ಸಿಪ್ಪೆಯೂ ತಿರುಳೂ ಬೇರೆಬೇರೆಯಾಗಿ ಅಲುಗಿದ ಹಾಗೆ ತೋರಿದರೆ ಹದ ಮೀರಿದೆ. ಬೆರಳ ತುದಿಯಿಂದ ಹೊಟ್ಟೆಭಾಗವನ್ನು ಚುಚ್ಚಿ ನೋಡಬೇಡ, ಚುಚ್ಚಿದ ಕಡೆಯೆಲ್ಲ ಒಳಗೆ ಕಂದುಕಲೆ ಏಳುತ್ತದೆ.

ಹೆಚ್ಚುವ ಮುಂಚೆ ಹಣ್ಣನ್ನು ತೊಳೆದು ಒರೆಸು. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಬಿಡಬಾರದು, ಚಾಕು ಸಿಪ್ಪೆಯ ಮೇಲಿನ ಕೊಳೆಯನ್ನು ತಿರುಳಿಗೆ ಒಯ್ಯುತ್ತದೆ. ಮಣೆಯ ಮೇಲಿಟ್ಟು ಬೀಜಕ್ಕೆ ತಾಗುವ ತನಕ ಉದ್ದಕ್ಕೆ ಸುತ್ತ ಸೀಳಿ, ಎರಡೂ ಕೈಯಲ್ಲಿ ತಿರುಚಿ ಬಿಡಿಸು. ಇನ್ನು ಬೀಜ. ಹೋಳನ್ನು ಅಂಗೈಯಲ್ಲಿ ಹಿಡಿದು ಬೀಜಕ್ಕೆ ಚಾಕುವಿನಿಂದ ಹೊಡೆದು ತೆಗೆಯುವುದನ್ನು ವಿಡಿಯೋಗಳಲ್ಲಿ ನೋಡಿರುತ್ತೀಯ. ದಯವಿಟ್ಟು ಹಾಗೆ ಮಾಡಬೇಡ. ಚಾಕು ಜಾರಿದರೆ ನೇರ ಅಂಗೈಗೇ ಇಳಿಯುತ್ತದೆ. ಹೀಗೆ ನರ, ಸ್ನಾಯುರಜ್ಜು ಕತ್ತರಿಸಿಕೊಂಡು ಬರುವವರಿಂದಾಗಿ ಆ ಗಾಯಕ್ಕೆ ‘ಅವಕಾಡೊ ಹ್ಯಾಂಡ್’ ಎಂಬ ಹೆಸರೇ ಬಿದ್ದಿದೆ. ಹೋಳನ್ನು ಮಣೆಯ ಮೇಲಿಟ್ಟು ಬೀಜದ ಪಕ್ಕಕ್ಕೆ ಚಮಚ ತೂರಿಸಿ ಮೀಟು. ಹದವಾದ ಹಣ್ಣಿನಲ್ಲಿ ಸಲೀಸಾಗಿ ಬರುತ್ತದೆ. ಬರಲೊಲ್ಲದು ಅಂದರೆ ಹಣ್ಣು ಇನ್ನೂ ಕಾಯಿ, ಇನ್ನೆರಡು ದಿನ ಬೇಕಿತ್ತು.

ತಿರುಳನ್ನು ಬಟ್ಟಲಿಗೆ ತೋಡಿಕೊಂಡು ಫೋರ್ಕಿನಿಂದ ಹಿಸುಕು. ಮಿಕ್ಸಿ ಬೇಡ. ನಿನ್ನ ಮೊಟ್ಟೆ ಜಾರಲು ಒಂದು ಕಾರಣ ಇಲ್ಲೇ ಇದೆ. ನುಣ್ಣಗೆ ಅರೆದಷ್ಟೂ ತಿರುಳಿನ ನೀರೂ ಕೊಬ್ಬೂ ಹೊರಬಂದು ಅದು ನಯವಾದ ಲೇಪದಂತಾಗುತ್ತದೆ, ಮೇಲಿಟ್ಟದ್ದಕ್ಕೆ ಹಿಡಿತವೇ ಇರುವುದಿಲ್ಲ. ಅರ್ಧದಷ್ಟು ಮೆದುವಾಗಿ, ಅರ್ಧದಷ್ಟು ಬಟಾಣಿ ಗಾತ್ರದ ತುಣುಕುಗಳಾಗಿ ಉಳಿದರೆ ಮೊಟ್ಟೆ ಅದರ ಮೇಲೆ ನಿಲ್ಲುತ್ತದೆ, ಬಾಯಿಗೂ ಹಣ್ಣು ಹಣ್ಣಾಗಿಯೇ ಸಿಗುತ್ತದೆ. ನಿಂಬೆರಸವನ್ನು ಹಿಸುಕುವ ಮೊದಲೇ ಹಾಕು. ಗಾಳಿ ತಾಗಿದಾಗ ತಿರುಳನ್ನು ಕಂದು ಮಾಡುವ ಕಿಣ್ವಕ್ಕೆ ಹುಳಿ ಅಡ್ಡಬರುತ್ತದೆ. ಆದರೆ ಎರಡು ಚಮಚ ಅಂದರೆ ಎರಡೇ. ಹೆಚ್ಚಾದರೆ ನೀರಾಗುತ್ತದೆ, ಮೊಟ್ಟೆಯ ಹಳದಿಯ ರುಚಿಯೂ ಹುಳಿಯಲ್ಲಿ ಮುಚ್ಚಿಹೋಗುತ್ತದೆ. ಉಪ್ಪು ಹಾಕುವುದು ಕಟ್ಟಕಡೆಗೆ, ಬ್ರೆಡ್ಡಿಗೆ ಹಚ್ಚುವ ಹೊತ್ತಿಗೆ. ಮೊದಲೇ ಹಾಕಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ. ಬಟ್ಟಲಲ್ಲಿ ಬೀಜ ಇಟ್ಟರೆ ಕಪ್ಪಾಗುವುದಿಲ್ಲ ಎನ್ನುತ್ತಾರೆ. ಬೀಜ ಕೂತಿರುವಷ್ಟು ಜಾಗಕ್ಕೆ ಗಾಳಿ ತಾಗುವುದಿಲ್ಲ, ಅದರಿಂದ ಆಗುವ ಉಪಯೋಗ ಅಷ್ಟೇ.

ಬ್ರೆಡ್ಡಿನ ವಿಷಯಕ್ಕೆ ಬಂದರೆ ಪ್ಯಾಕೆಟ್ಟಿನ ತೆಳ್ಳಗಿನ ಮೆದು ಹೋಳು ಈ ಭಾರ ಹೊರುವುದಿಲ್ಲ. ಹೋಳು ಮಾಡದ ಇಡೀ ಬ್ರೆಡ್ ತಂದು ನೀನೇ ದಪ್ಪಗೆ ಕೊಯ್ದುಕೋ. ಹುದುಗಿಸಿದ ಹುಳಿಹಿಟ್ಟಿನಿಂದ ಮಾಡುವ ಸಾರ್ಡೋ ಬ್ರೆಡ್ ಆದರೆ ಒಳ್ಳೆಯದು, ಗೋಧಿ ಬ್ರೆಡ್ಡೂ ಆದೀತು. ದೊಡ್ಡ ದೊಡ್ಡ ತೂತಿರುವ ಬ್ರೆಡ್ ನೋಡಲು ಚೆಂದ, ಆದರೆ ಹಳದಿ ಒಡೆದಾಗ ತೂತಿನಲ್ಲಿ ಸೋರಿ ತಟ್ಟೆ ಸೇರುತ್ತದೆ. ಹಿಂದಿನ ದಿನದ ಬ್ರೆಡ್ ಇನ್ನೂ ಒಳ್ಳೆಯದು, ತೇವ ಕಡಿಮೆ ಇರುವುದರಿಂದ ಬೇಗ ಗರಿಗರಿಯಾಗುತ್ತದೆ.

ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಮೊದಲು ಏನೂ ಸವರದೆ ಬರೀ ಬ್ರೆಡ್ಡನ್ನು ಎರಡೂ ಬದಿ ಒಂದೊಂದು ನಿಮಿಷ ಬಿಸಿ ಮಾಡು. ಮೇಲ್ಮೈಯ ತೇವ ಹಾರಿದ ಮೇಲೆ ಬದಿಗೆ ಅರ್ಧ ಟೀ ಚಮಚದಂತೆ ಬೆಣ್ಣೆ ಸವರಿ ಇನ್ನೊಂದೊಂದು ನಿಮಿಷ, ಹೊಂಬಣ್ಣ ಬರುವ ತನಕ. ಹಸಿ ಬ್ರೆಡ್ಡಿಗೇ ಬೆಣ್ಣೆ ಸವರಿದರೆ ಒಳಗೆ ಹೀರಿಕೊಂಡು ಜಿಡ್ಡುಜಿಡ್ಡಾಗುತ್ತದೆ, ಹೊರಪದರ ಗಟ್ಟಿಯಾಗುವುದಿಲ್ಲ. ಉರಿ ಜಾಸ್ತಿ ಮಾಡಿದರೆ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಉಗುರಿನಿಂದ ತಟ್ಟಿ ನೋಡು, ಟಕ್ ಟಕ್ ಎಂದು ಒಣ ಸದ್ದು ಬರಬೇಕು.

ಈಗ ನಿನ್ನ ಮೆತ್ತನೆ ಬ್ರೆಡ್ಡಿನ ಮುಖ್ಯ ಕಾರಣ ಹೇಳುತ್ತೇನೆ. ಕಾವಲಿಯಿಂದ ತೆಗೆದ ಟೋಸ್ಟನ್ನು ನೇರ ತಟ್ಟೆಗೆ ಹಾಕುತ್ತೀಯ ಅಲ್ಲವೇ? ಬಿಸಿ ಬ್ರೆಡ್ಡಿನ ಒಳಗಿಂದ ಇನ್ನೂ ಹಬೆ ಬರುತ್ತಿರುತ್ತದೆ. ತಣ್ಣನೆಯ ತಟ್ಟೆಗೆ ತಾಗಿದ ಹಬೆ ಅಲ್ಲೇ ನೀರಾಗುತ್ತದೆ, ಆ ನೀರನ್ನು ಟೋಸ್ಟಿನ ತಳ ಹೀರಿಕೊಳ್ಳುತ್ತದೆ. ಒಮ್ಮೆ ಟೋಸ್ಟ್ ಎತ್ತಿ ತಟ್ಟೆಯನ್ನು ನೋಡು, ಬ್ರೆಡ್ಡಿನ ಆಕಾರದಲ್ಲೇ ಸಣ್ಣ ಸಣ್ಣ ಹನಿ ಕೂತಿರುತ್ತದೆ. ಪರಿಹಾರ ಬಹಳ ಸುಲಭ. ತಂತಿಯ ಜಾಲರಿಯ ಮೇಲಿಡು. ಜಾಲರಿ ಇಲ್ಲದಿದ್ದರೆ ಎರಡು ಹೋಳನ್ನೂ ಒಂದಕ್ಕೊಂದು ಒರಗಿಸಿ ನಿಲ್ಲಿಸು. ಒಂದು ನಿಮಿಷ ಸಾಕು. ಹಬೆ ಹೋದ ಮೇಲೆಯೇ ಹಣ್ಣು ಹಚ್ಚಬೇಕು. ಮೊಟ್ಟೆಗೆ ಮುಚ್ಚಳ ಹಾಕುವ ತನಕ ಟೋಸ್ಟ್ ಅಲ್ಲೇ ನಿಂತಿರಲಿ.

ಮೊಟ್ಟೆ ಹೊಸದಾಗಿರಬೇಕು. ಹಳತಾದಂತೆ ದಪ್ಪ ಬಿಳಿ ನೀರಾಗುತ್ತ ಹೋಗುತ್ತದೆ, ಒಡೆದು ಹಾಕಿದ ಕೂಡಲೇ ಬಾಣಲೆಯ ತುಂಬ ಹರಡಿ ಬ್ರೆಡ್ಡಿಗಿಂತ ಅಗಲವಾಗುತ್ತದೆ. ಮನೆಯಲ್ಲಿ ಇರುವುದೇ ಹಳೆಯದಾದರೆ ಚಹಾ ಸೋಸುವ ಜರಡಿಗೆ ಒಡೆದು ಹಾಕಿ ಅರ್ಧ ನಿಮಿಷ ಬಿಡು. ನೀರಾದ ಬಿಳಿ ಸೋರಿಹೋಗಿ ದಪ್ಪನೆಯದು ಹಳದಿಯ ಸುತ್ತ ಉಳಿಯುತ್ತದೆ. ಹೊಸದಾದರೂ ನೇರ ಬಾಣಲೆಗೆ ಒಡೆಯದೆ ಒಂದು ಪುಟ್ಟ ಬಟ್ಟಲಿಗೆ ಒಡೆದುಕೋ. ಚಿಪ್ಪಿನ ಚೂರು ಬಿದ್ದರೆ ತೆಗೆಯಬಹುದು, ಬಾಣಲೆಯ ಹತ್ತಿರ ತಂದು ಮೆಲ್ಲಗೆ ಜಾರಿಸಿದರೆ ಹಳದಿಯೂ ಒಡೆಯುವುದಿಲ್ಲ.

ಇಪ್ಪತ್ತು ಸೆಂಟಿಮೀಟರಿನ ನಾನ್‌ಸ್ಟಿಕ್ ಬಾಣಲೆಯಲ್ಲಿ ಒಂದು ಮೊಟ್ಟೆಗೆ ಒಂದು ಟೀ ಚಮಚ ಬೆಣ್ಣೆ. ಉರಿ ಮಧ್ಯಮಕ್ಕಿಂತ ಸ್ವಲ್ಪ ಕೆಳಗೆ. ಬೆಣ್ಣೆಯಲ್ಲಿರುವ ನೀರು ಕುದಿದು ನೊರೆ ಏಳುತ್ತದೆ, ನೊರೆ ಇಳಿದದ್ದೇ ಮೊಟ್ಟೆ ಹಾಕುವ ಸಮಯ. ಸದ್ದಿಗೆ ಕಿವಿಗೊಡು. ಸಣ್ಣಗೆ ಚುರ್ ಅನ್ನಬೇಕು. ಚಟಪಟ ಸಿಡಿದರೆ ಬಾಣಲೆ ಅತಿ ಬಿಸಿ: ಹಳದಿಯ ಸುತ್ತ ಹಸಿ ಇರುವಾಗಲೇ ಅಂಚು ಚರ್ಮದಂತೆ ಬಿರುಸಾಗುತ್ತದೆ. ಸದ್ದೇ ಇಲ್ಲದಿದ್ದರೆ ತಣ್ಣಗಿದೆ: ಮೊಟ್ಟೆ ಹರಡಿ ತಳ ಹಿಡಿಯುತ್ತದೆ. ಕಬ್ಬಿಣದ ಬಾಣಲೆಯಾದರೆ ಮೊದಲು ಬಾಣಲೆ ಕಾಯಲಿ, ಆಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಮೊಟ್ಟೆ. ಹಾಕಿದ ತಕ್ಷಣ ಸಟ್ಟುಗ ಹಾಕಿ ಎಬ್ಬಿಸಲು ಹೋಗಬೇಡ, ತಳ ಗಟ್ಟಿಯಾದರೆ ತಾನಾಗಿ ಬಿಡುತ್ತದೆ.

ಮೊದಲ ಒಂದು ನಿಮಿಷ ಮುಚ್ಚಳ ಬೇಡ. ಅಂಚಿನಿಂದ ಶುರುವಾಗಿ ಬಿಳಿ ಒಳಮುಖವಾಗಿ ಬೆಳ್ಳಗಾಗುತ್ತ ಬರುತ್ತದೆ, ಹಳದಿಯ ಸುತ್ತ ಒಂದು ಬೆರಳಗಲ ಮಾತ್ರ ಗಾಜಿನಂತೆ ತಿಳಿಯಾಗಿ ಉಳಿದಿರುತ್ತದೆ. ಕಷ್ಟವಿರುವುದು ಅಲ್ಲೇ. ಬಿಳಿ ಪೂರ್ತಿ ಗಟ್ಟಿಯಾಗಲು 80 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ ಬೇಕು, ಹಳದಿಯೋ 65ಕ್ಕೇ ಮಂದವಾಗತೊಡಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಕೆಳಗಿನ ಉರಿಯನ್ನೇ ನಂಬಿದರೆ ಮೇಲಿನ ಬಿಳಿ ಬೇಯುವಷ್ಟರಲ್ಲಿ ತಳ ಸೀದಿರುತ್ತದೆ. ಅದಕ್ಕೇ ಮುಚ್ಚಳ. ಉರಿ ಸಣ್ಣ ಮಾಡಿ ಒಂದರಿಂದ ಒಂದೂವರೆ ನಿಮಿಷ ಮುಚ್ಚು, ಒಳಗಿನ ಹಬೆ ಮೇಲಿಂದ ಬೇಯಿಸುತ್ತದೆ. ಬಾಣಲೆ ಅಲುಗಿಸಿದಾಗ ಬಿಳಿ ಒಂದೇ ತುಂಡಾಗಿ ಸರಿಯಬೇಕು, ನಡುಗುವುದು ಹಳದಿ ಮಾತ್ರ. ಕೆಲವರು ಮುಚ್ಚುವ ಮುಂಚೆ ಒಂದು ಚಮಚ ನೀರು ಹಾಕುತ್ತಾರೆ. ಬೇಗ ಬೇಯುವುದು ನಿಜ, ಆದರೆ ಹಳದಿಯ ಮೇಲೆ ಬೆಳ್ಳನೆ ಪೊರೆ ಕಟ್ಟುತ್ತದೆ, ತಳದ ಗರಿಯೂ ಹೋಗುತ್ತದೆ. ಈ ಟೋಸ್ಟಿಗೆ ನೀರು ಹಾಕದ ಮೊಟ್ಟೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಿನ್ನುವವರು ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇರುವವರಾದರೆ ಹಸಿ ಹಳದಿ ಬೇಡವೇ ಬೇಡ. ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. ಅಂಥವರಿಗೆ ಮಗುಚಿ ಹಾಕಿ ಹಳದಿ ಪೂರ್ತಿ ಗಟ್ಟಿಯಾಗುವ ತನಕ ಬೇಯಿಸು. ಹಣ್ಣಿನಲ್ಲೇ ನುಣುಪು ಇರುವುದರಿಂದ ಟೋಸ್ಟ್ ಒಣಗಿದ ಹಾಗೆ ಅನ್ನಿಸುವುದಿಲ್ಲ.

ಬೆಂದ ಮೊಟ್ಟೆಯನ್ನು ಸಟ್ಟುಗದಿಂದ ಎತ್ತಿ, ಬಾಣಲೆಯ ಮೇಲೇ ಓರೆಯಾಗಿ ಎರಡು ಮೂರು ಸೆಕೆಂಡ್ ಹಿಡಿ. ಬೆಣ್ಣೆ ಇಳಿದುಹೋಗಲಿ. ತಳವನ್ನು ಅಡುಗೆಮನೆಯ ಕಾಗದಕ್ಕೆ ಒಮ್ಮೆ ತಾಗಿಸಿದರೆ ಇನ್ನೂ ಒಳ್ಳೆಯದು. ಜಾರುವುದಕ್ಕೆ ಎರಡನೆಯ ಕಾರಣ ಈ ಜಿಡ್ಡೇ.

ಕೆಲಸದ ಸರದಿ ಹೀಗಿರಲಿ: ಮೊದಲು ಹಣ್ಣನ್ನು ನಿಂಬೆರಸದೊಂದಿಗೆ ಹಿಸುಕಿಟ್ಟುಕೋ, ಆಮೇಲೆ ಬ್ರೆಡ್ ಕಾವಲಿಗೆ. ಬ್ರೆಡ್ಡಿನ ಎರಡನೆಯ ಬದಿಗೆ ಬೆಣ್ಣೆ ಸವರುವಾಗ ಪಕ್ಕದ ಒಲೆಯ ಮೇಲೆ ಮೊಟ್ಟೆಯ ಬಾಣಲೆ ಇಡು. ಮೊಟ್ಟೆಗೆ ಮುಚ್ಚಳ ಹಾಕಿದ ಮೇಲೆ ಹಣ್ಣಿಗೆ ಉಪ್ಪು ಬೆರೆಸಿ ಬ್ರೆಡ್ಡಿಗೆ ಹಚ್ಚು. ಒಂದೇ ಒಲೆ ಇದ್ದರೆ ಬ್ರೆಡ್ ಮೊದಲು. ಒರಗಿಸಿಟ್ಟ ಟೋಸ್ಟ್ ಐದು ನಿಮಿಷ ಗರಿ ಬಿಡುವುದಿಲ್ಲ, ಮೊಟ್ಟೆ ಮಾತ್ರ ಕಾಯುವುದಿಲ್ಲ.

ಹಣ್ಣನ್ನು ಅಂಚಿನ ತನಕ ಹಚ್ಚು, ದಪ್ಪ ಒಂದು ಸೆಂಟಿಮೀಟರ್ ಮೀರದಿರಲಿ. ನಡುವೆ ಚಮಚದ ಬೆನ್ನಿನಿಂದ ಆಳವಿಲ್ಲದ ಒಂದು ಗುಳಿ ಮಾಡಿ, ಹಳದಿ ಆ ಗುಳಿಯ ಮೇಲೆ ಬರುವಂತೆ ಮೊಟ್ಟೆ ಇಡು. ಹೀಗಿಟ್ಟ ಮೊಟ್ಟೆ ಅಲ್ಲಾಡುವುದಿಲ್ಲ. ಮೇಲೆ ಕಾಳುಮೆಣಸು, ಒಣಮೆಣಸಿನ ತರಿ. ಟೊಮೇಟೊ ಹಾಕಲೇಬೇಕು ಅನ್ನಿಸಿದರೆ ಬೀಜದ ಲೋಳೆ ತೆಗೆದು ಗಟ್ಟಿಭಾಗ ಮಾತ್ರ ಹಾಕು, ಇಲ್ಲದಿದ್ದರೆ ಇಷ್ಟು ಹೊತ್ತು ಹೊರಗಿಟ್ಟ ನೀರು ಮತ್ತೆ ಒಳಗೆ ಬಂದ ಹಾಗಾಗುತ್ತದೆ. ತುಂಡು ಮಾಡುವುದಿದ್ದರೆ ಹಲ್ಲಿರುವ ಬ್ರೆಡ್ ಚಾಕುವಿನಿಂದ, ಒತ್ತದೆ ಗರಗಸದಂತೆ ಎಳೆದು ಕೊಯ್ಯಿ.

ಒಂದೇ ಟೋಸ್ಟ್ ಸಾಕು ಅಂದ ದಿನ ಬೀಜವಿರುವ ಅರ್ಧ ಹಣ್ಣನ್ನು ಉಳಿಸು. ಕೊಯ್ದ ಮುಖಕ್ಕೆ ನಿಂಬೆರಸ ಸವರಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ಉಳಿಯದಂತೆ ತಿರುಳಿಗೇ ಅಂಟಿಸಿ ಫ್ರಿಜ್ಜಿನಲ್ಲಿಡು, ಮರುದಿನ ಬಳಸು. ನೀರಿನಲ್ಲಿ ಮುಳುಗಿಸಿಟ್ಟರೆ ಹಸಿರಾಗಿಯೇ ಇರುತ್ತದೆ ಎಂಬ ಉಪಾಯ ಒಂದು ಹರಿದಾಡುತ್ತಿದೆ. ಅದನ್ನು ಮಾಡಬೇಡ. ಸಿಪ್ಪೆಯ ಮೇಲೆ ಲಿಸ್ಟೀರಿಯಾ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇದ್ದರೆ ನೀರಿನಲ್ಲಿ ಹೆಚ್ಚಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಸಿದೆ. ಮರುದಿನ ಮೇಲೆ ತೆಳುವಾಗಿ ಕಂದು ಪದರ ಕಂಡರೆ ಗಾಬರಿಯಾಗಬೇಡ, ಚಮಚದಿಂದ ಕೆರೆದು ತೆಗೆದರೆ ಕೆಳಗಿನದು ಚೆನ್ನಾಗಿಯೇ ಇರುತ್ತದೆ. ಹಳೆಯ ಎಣ್ಣೆಯ ವಾಸನೆ ಬಂದರೆ ಮಾತ್ರ ಇಡೀ ಹೋಳನ್ನು ಎಸೆದುಬಿಡು.

ಈ ಸಲ ಮಾಡಿ ನೋಡಿ, ಎಲ್ಲಿ ಸರಿಯಾಯಿತು, ಎಲ್ಲಿ ಆಗಲಿಲ್ಲ ಎಂದು ಬರೆ.

ಇಂತಿ,
ನಿನ್ನ ಗೆಳೆಯ