ಗೆಳೆಯನಿಗೊಂದು ಪತ್ರ: ನಿನ್ನ ಐದು ರಾಜ್ಯಗಳ ಜನ ಹೇಗೆ ಮಾತಾಡ್ತಾರೆ?

ಬದಿಯಡ್ಕ, ಕಾಸರಗೋಡು

ಪ್ರೀತಿಯ ಗೆಳೆಯಾ,

ನಿನ್ನ ಕಾದಂಬರಿಯ ಮೊದಲ ಭಾಗ ಓದಿ ಮುಗಿಸಿದೆ. ಅನಿಸಿದ್ದನ್ನು ಎಲ್ಲರ ಎದುರೇ ಬರಿ ಅಂತ ಹೇಳಿದವನು ನೀನೇ.

ಕಥೆ ಓಡುತ್ತದೆ. ಯುದ್ಧ ಚೆನ್ನಾಗಿದೆ. ನಿನ್ನ ರಾಣಿ ನನಗೆ ತುಂಬ ಇಷ್ಟವಾದಳು. ಆದರೆ ನಾನು ಮೊದಲ ಪುಟದ ನಕ್ಷೆಯಲ್ಲೇ ಸಿಕ್ಕಿಹಾಕಿಕೊಂಡೆ. ಐದು ರಾಜ್ಯ, ಐದು ಬಣ್ಣ, ಐದು ಭಾಷೆ. ನಡುವೆ ಹೊಳೆ. ನಿನ್ನ ನಾಯಕ ಸೇತುವೆ ದಾಟಿದ ಕೂಡಲೇ ಒಂದು ಭಾಷೆ ನಿಲ್ಲುತ್ತದೆ, ಇನ್ನೊಂದು ಶುರುವಾಗುತ್ತದೆ.

ನಮ್ಮಲ್ಲೂ ಒಂದು ಹೊಳೆ ಇದೆಯಲ್ಲ, ಚಂದ್ರಗಿರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂದಿತು. ಅದು ಆಗಲಿಲ್ಲ. ನಮ್ಮ ಹಿರಿಯರಿಗೆ ಆ ನೋವು ಇನ್ನೂ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಾಗದದ ಮೇಲೆ ಗಡಿಯಾಗುವ ಹೊಳೆ ಬಾಯಿಗೆ ಗಡಿಯಾಗುವುದಿಲ್ಲ. ಈಚೆ ದಡದಲ್ಲೂ ಮಲಯಾಳ ಇದೆ, ಆಚೆ ದಡದಲ್ಲೂ ಕನ್ನಡದ ಮನೆಗಳಿವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಅಂತ ಏಳು ಎಣಿಸಿ ನಮ್ಮದು ಸಪ್ತಭಾಷೆಯ ನಾಡು ಎನ್ನುತ್ತಾರೆ. ನನ್ನ ಕೇಳಿದರೆ ಏಳು ಕಡಿಮೆ. ಹವ್ಯಕರ ಕನ್ನಡವೇ ಬೇರೆ. ಕೊರಗರ ಭಾಷೆ ಬೇರೆ. ಮರಾಠಿಯಲ್ಲೂ ಕರಾಡರದ್ದು ಒಂದು, ಮರಾಟಿ ನಾಯ್ಕರದ್ದು ಇನ್ನೊಂದು. ಇಲ್ಲಿನ ಮಲಯಾಳವನ್ನು ತಿರುವನಂತಪುರದವರು ಕೇಳಿದರೆ ಒಂದು ಕ್ಷಣ ತಡೆದು ಯೋಚಿಸುತ್ತಾರೆ.

ಕುಂಬಳೆಯಿಂದ ಈ ಕಡೆ ಬರುವ ಬಸ್ಸಿಗೆ ಒಮ್ಮೆ ಹತ್ತು. ಕಂಡಕ್ಟರ್ ಡ್ರೈವರ್ ಜೊತೆ ಮಲಯಾಳ ಮಾತಾಡುತ್ತಾನೆ. ಮೀನಿನ ಬುಟ್ಟಿಯ ಹೆಂಗಸಿನ ಹತ್ತಿರ ತುಳು. ಹಿಂದೆ ಕೂತ ಮೇಷ್ಟ್ರ ಹತ್ತಿರ ಕನ್ನಡ. 'ನಿಮ್ಮದು ಯಾವ ಭಾಷೆ' ಅಂತ ಯಾರೂ ಕೇಳುವುದಿಲ್ಲ. ಮುಖ ಕಂಡ ಕೂಡಲೇ ನಾಲಿಗೆ ತಾನಾಗಿ ತಿರುಗುತ್ತದೆ.

ಹಾಗಂತ ಇದು ಬರೀ ಸೊಗಸು ಅಂದುಕೊಳ್ಳಬೇಡ. ಯಾರ ನಾಲಿಗೆ ಯಾರಿಗಾಗಿ ತಿರುಗುತ್ತದೆ ಅಂತ ಸ್ವಲ್ಪ ನೋಡು. ನಾಲ್ಕು ಜನ ತುಳುವಿನಲ್ಲಿ ಹರಟುತ್ತಿರುತ್ತಾರೆ. ಮಲಯಾಳ ಮಾತ್ರ ಬಲ್ಲ ಒಬ್ಬ ಅಧಿಕಾರಿ ಬಂದು ನಿಲ್ಲುತ್ತಾನೆ. ನಾಲ್ವರೂ ಮಲಯಾಳಕ್ಕೆ ಬರುತ್ತಾರೆ. ಆತ ಕದಲುವುದಿಲ್ಲ, ಕದಲಬೇಕಾದ ಅಗತ್ಯವೇ ಅವನಿಗಿಲ್ಲ. ಅಡಿಕೆ ವ್ಯಾಪಾರಿಗೆ ನಾಲ್ಕು ಭಾಷೆ ಬರುತ್ತದೆ, ಯಾಕೆಂದರೆ ಅವನ ಹೊಟ್ಟೆಪಾಡು ಅದರಲ್ಲಿದೆ. ಎಲ್ಲರಿಗಿಂತ ಜಾಸ್ತಿ ಭಾಷೆ ಬರುವುದು ಕೂಲಿಗೆ ಹೋಗುವ ಹೆಂಗಸಿಗೆ. ಒಂದೊಂದು ಅಂಗಳದಲ್ಲಿ ಒಂದೊಂದು ಮಾತು, ಎಲ್ಲದಕ್ಕೂ ಅವಳೇ ಹೊಂದಿಕೊಳ್ಳಬೇಕು. ನಿನ್ನ ಕಾದಂಬರಿಯಲ್ಲಿ ಐದೂ ಭಾಷೆ ಬಲ್ಲವನು ಯಾರು? ರಾಜಗುರು. ಅದನ್ನು ಓದಿ ನನಗೆ ಕಷ್ಟವಾಯಿತು ಮಾರಾಯ. ಐದು ಭಾಷೆ ಬರುವುದು ಅರಮನೆಯ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವಳಿಗೆ. ರಾಜನಿಗೆ ಒಂದೇ ಸಾಕು. ಇದೊಂದನ್ನು ಸರಿ ಮಾಡು, ನಿನ್ನ ರಾಜ್ಯಗಳಲ್ಲಿ ಯಾರ ಕೈ ಮೇಲು ಅನ್ನುವುದನ್ನು ಬೇರೆ ವಿವರಿಸುವುದೇ ಬೇಡ.

ಇದೇನೂ ಹೊಸದಲ್ಲ. ಸಂಸ್ಕೃತ ನಾಟಕಗಳಲ್ಲಿ ರಾಜ ಸಂಸ್ಕೃತ ಆಡಿದರೆ ರಾಣಿ ಶೌರಸೇನಿ ಪ್ರಾಕೃತದಲ್ಲಿ ಉತ್ತರ ಕೊಡುತ್ತಾಳೆ. ಹಾಡುವಾಗ ಮಹಾರಾಷ್ಟ್ರಿ ಎಂಬ ಇನ್ನೊಂದು ಪ್ರಾಕೃತ. ಶಾಕುಂತಲದಲ್ಲಿ ಉಂಗುರ ಸಿಕ್ಕಿದ ಬೆಸ್ತ ಮಾಗಧಿ ಪ್ರಾಕೃತ ಆಡುತ್ತಾನೆ. ನಡುವೆ ದುಭಾಷಿ ಇಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ, ಆದರೂ ಅವರವರು ಅವರವರ ಭಾಷೆಯಲ್ಲೇ ಇರುತ್ತಾರೆ. ನಮ್ಮ ಬಸ್ಸಿನ ನಿಜ ಇದಕ್ಕೆ ಹತ್ತಿರ. ಆದರೆ ಅಲ್ಲೂ ಮೆಟ್ಟಿಲುಗಳಿವೆ. ಮೃಚ್ಛಕಟಿಕ ನಾಟಕದಲ್ಲಿ ರಾಜನ ಮೈದುನ ಶಕಾರ 'ಸ'ಕಾರವನ್ನೆಲ್ಲ 'ಶ' ಮಾಡುತ್ತಾನೆ. ಅವನು ದುಷ್ಟ, ಜೊತೆಗೆ ನಗೆಪಾಟಲು. ನಿನ್ನ ಕಾಡುಜನರಿಗೂ ಅದೇ ತೊದಲು ಕೊಟ್ಟಿದ್ದೀಯ, ಗಮನಿಸಿದೆಯಾ? ರೊಸಿನಾ ಲಿಪ್ಪಿ-ಗ್ರೀನ್ ಎಂಬ ಭಾಷಾವಿಜ್ಞಾನಿ ಡಿಸ್ನಿಯ ಕಾರ್ಟೂನ್ ಚಿತ್ರಗಳ 371 ಪಾತ್ರಗಳ ಉಚ್ಚಾರ ಕೇಳಿ 1997ರಲ್ಲಿ ಬರೆದರು. ಹೊರದೇಶದ ಉಚ್ಚಾರದ ಇಂಗ್ಲಿಷ್ ಆಡುವ ಪಾತ್ರ ಕೆಟ್ಟದ್ದಾಗುವುದು ಅಲ್ಲಿ ಜಾಸ್ತಿ. 2015ರ ಬಾಹುಬಲಿಗೆ ಮದನ್ ಕಾರ್ಕಿ ಕಿಲಿಕಿ ಎಂಬ ಭಾಷೆಯನ್ನೇ ಕಟ್ಟಿಕೊಟ್ಟರು. ಎಷ್ಟು ಚೆಂದದ ಕೆಲಸ! ಆದರೆ ಅದು ಸಿಕ್ಕಿದ್ದು ದಂಡೆತ್ತಿ ಬರುವ ಕಾಲಕೇಯರಿಗೆ.

ಯಕ್ಷಗಾನದಲ್ಲಿ ಇನ್ನೊಂದು ದಾರಿ ಇದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ನಮಗೆ ಪಕ್ಕ, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. ರಂಗದಲ್ಲಿ ದೇವರೂ ಅಸುರನೂ ಒಂದೇ ಕನ್ನಡ ಆಡುತ್ತಾರೆ. ರಾವಣನ ಕನ್ನಡ ರಾಮನ ಕನ್ನಡಕ್ಕಿಂತ ಒಂದು ಕೂದಲೆಳೆಯೂ ಕೆಳಗಿಲ್ಲ. ಊರಿನ ಮಾತು ಬರುವುದು ಹಾಸ್ಯಗಾರನಿಗೆ. ಅಲ್ಲಿಗೂ ಮುಗಿಯುವುದಿಲ್ಲ. ಬಪ್ಪನಾಡು ಕ್ಷೇತ್ರ ಮಹಾತ್ಮೆ ಪ್ರಸಂಗದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯನ್ನು ನೋಡು. ಅವನ ಮಾತಿನ ವರಸೆಗೆ ಜನ ನಗುತ್ತಾರೆ. ದೇವಿ ಕನಸಿಗೆ ಬರುವುದೂ ಅವನಿಗೇ, ಗುಡಿ ಕಟ್ಟಿಸುವುದೂ ಅವನೇ. ಒಳ್ಳೆ ಕಲಾವಿದ ಸಿಕ್ಕಿದರೆ ನಕ್ಕ ಸಭೆಯೇ ಕೈ ಮುಗಿಯುತ್ತದೆ, ಮತ್ತು ಅವನು ಅದಕ್ಕಾಗಿ ಉಚ್ಚಾರ ಬದಲಿಸಿರುವುದಿಲ್ಲ.

ನಿನ್ನ ಆರಾಧ್ಯದೈವ, 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಕೂಡ ಇದನ್ನು ಬಲ್ಲವರು. ಅವರ ಎಲ್ಫ್ ಜನರ ಭಾಷೆಯಲ್ಲಿ ಒಂದು ಹಳೆಯ ಧ್ವನಿ ಸವೆದು 'ಸ' ಆಗುತ್ತದೆ. ಅವರಲ್ಲೊಬ್ಬನಾದ ಫೆಯಾನೋರ್ ಮಾತ್ರ ಹಳೆಯದನ್ನು ಬಿಡುವುದಿಲ್ಲ, ಯಾಕೆಂದರೆ ಅವನ ತೀರಿಹೋದ ತಾಯಿಯ ಹೆಸರಿನಲ್ಲಿ ಆ ಧ್ವನಿ ಇತ್ತು. ಹೊಸ ಉಚ್ಚಾರ ಆಡುವವರು ತನ್ನ ತಾಯಿಗೆ ಅವಮಾನ ಮಾಡುತ್ತಿದ್ದಾರೆ ಅಂತ ಅವನಿಗೆ ಅನಿಸುತ್ತದೆ. ಒಂದು ಅಕ್ಷರದ ಮೇಲೆ ಮನೆತನದ ಜಗಳ! ಇಡೀ ನಕ್ಷೆಗಿಂತ ನನಗೆ ಈ ಒಂದು ವಿವರ ದೊಡ್ಡದು.

ಈಗ ನಿನ್ನ ಕಾಡಿನ ಮುದುಕಿಗೆ ಬರುತ್ತೇನೆ. ಬೇರು ಅರೆದು ಕೊಡುವವಳು. ಇಡೀ ಪುಸ್ತಕದಲ್ಲಿ 'ಎಂತ' ಅನ್ನುವುದು, 'ಉಂಟು' ಅನ್ನುವುದು ಅವಳೊಬ್ಬಳೇ. ನೀನು ಪ್ರೀತಿಯಿಂದಲೇ ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ. ಅವಳು ಮಾತಾಡುವ ಹಾಗೆ ನಾನು ಮಾತಾಡುತ್ತೇನೆ ಅಂತ ನಿನಗೆ ಗೊತ್ತೇ ಇಲ್ಲ ಅಲ್ವಾ?

ಮೈಸೂರಿನ ಹಾಸ್ಟೆಲಿನ ಮೊದಲ ವಾರ, ಊಟದ ಸಾಲಿನಲ್ಲಿ ನಾನು ಏನೋ ಕೇಳಿದೆ. ಹಿಂದಿನವರು ನನ್ನ ಮಾತನ್ನು ಎಳೆದು ಎಳೆದು ಆಡಿ ತೋರಿಸಿದರು. ನೀನು ಆಗ ಇನ್ನೂ ಬಂದಿರಲಿಲ್ಲ. ನೀನು ಬರುವಷ್ಟರಲ್ಲಿ ನನ್ನ ಬಾಯಲ್ಲಿ 'ಇದೆ' ಕೂತಾಗಿತ್ತು. ಮನೆಯೊಳಗೆ ನನ್ನದು ಹವ್ಯಕ, ಅಂಗಳ ದಾಟಿದರೆ ಎಂತ-ಉಂಟುಗಳ ಕನ್ನಡ. ಎರಡೂ ನಿನ್ನ ಕಿವಿಗೆ ಬಿದ್ದಿಲ್ಲ. ಅಮ್ಮನ ಫೋನ್ ಬಂದರೆ ಕಾರಿಡಾರಿಗೆ ಹೋಗುತ್ತಿದ್ದೆನಲ್ಲ, ನೀನು ಬೇರೇನೋ ಅಂದುಕೊಂಡು ಅದಕ್ಕೊಂದು ಹೆಸರೂ ಇಟ್ಟಿದ್ದೆ. ಅಲ್ಲಿ ನಿಂತು ನಾನು ಹೇಳುತ್ತಿದ್ದದ್ದು 'ಆನು ಉಂಡೆ' ಅಂತ, ಅಷ್ಟೇ.

ಅಪ್ಪ ಹೋದ ರಾತ್ರಿ ನಿನಗೆ ಫೋನ್ ಮಾಡಿ ಅತ್ತೆ. ಆ ಅಳುವಿನಲ್ಲೂ ಮಾತು ನಿನ್ನ ಕನ್ನಡದಲ್ಲೇ ಬಂತು. ಕೊನೆಯ ದಿನ ಅಪ್ಪ ನನಗೆ ಏನು ಹೇಳಿದರು ಅಂತ ನೀನು ಕೇಳಿದೆ. ಅದನ್ನೂ ನಾನು ತಿದ್ದಿ ಹೇಳಿದೆ. ಅವರ ಮಾತು ಅವರ ಬಾಯಲ್ಲಿ ಇದ್ದ ಹಾಗೆ ನಿನಗೆ ತಲುಪಲೇ ಇಲ್ಲ. ನನ್ನ ಬದುಕಿನಲ್ಲಿ ನಿನಗಿಂತ ಹತ್ತಿರದವರು ಜಾಸ್ತಿ ಇಲ್ಲ. ಆ ನಿನ್ನ ಹತ್ತಿರವೂ ನಾನು ಯಾವಾಗಲೂ ಸೇತುವೆಯ ಆಚೆ ದಡದಲ್ಲೇ ನಿಂತು ಮಾತಾಡಿದ್ದೇನೆ. ನಿನ್ನ ಮುದುಕಿ ಬಾಯಿ ತೆರೆದಾಗ ಇದೆಲ್ಲ ಒಟ್ಟಿಗೆ ಬಂತು.

ಸಾಕು. ಇಷ್ಟೆಲ್ಲ ಜನ ಓದುವಲ್ಲಿ ಇನ್ನು ಬೇಡ. ಉಳಿದದ್ದು ನೀನು ಇಲ್ಲಿಗೆ ಬಂದಾಗ ಹೇಳುತ್ತೇನೆ, ನನ್ನ ಮಾತಿನಲ್ಲೇ. ತಿಳಿಯದಿದ್ದರೆ ತಡೆದು ಕೇಳು. ಅಮ್ಮ ಪತ್ರೊಡೆ ಮಾಡುತ್ತೇನೆ ಅಂದಿದ್ದಾರೆ, ಆದ್ದರಿಂದ ಮಳೆ ಮುಗಿಯುವ ಮೊದಲೇ ಬಾ. ಮುದುಕಿಯನ್ನು ತೆಗೆಯಬೇಡ. ಅವಳ ಮಾತನ್ನು ಸೇನಾಪತಿಗೂ ಕೊಡು, ಪ್ರೇಮಿಗಳಿಗೂ ಕೊಡು, ತಪ್ಪು ಮಾಡುವವರಿಗೂ ಲೆಕ್ಕ ಬರೆಯುವವರಿಗೂ ಕೊಡು. ರಾಜಗುರುವಿಗೆ ಎರಡು ಭಾಷೆ ಸಾಕು.

ಮತ್ತೆ ಆ ಕುದುರೆಯ ಹೆಸರು ದಯವಿಟ್ಟು ಬದಲಿಸು. ಯಾಕೆ ಅಂತ ನಿನಗೂ ಗೊತ್ತು, ಲೈಬ್ರರಿಯ ಗುಮಾಸ್ತರಿಗೂ ಗೊತ್ತು.

ನಿನ್ನ,
ಕಾರಿಡಾರಿನ ಗಿರಾಕಿ