ಅವಳನ್ನು ನಂಬಿಸೋಕೆ ಇಷ್ಟೆಲ್ಲ ಯಾಕೆ?

ಪ್ರಿಯ ತಮ್ಮಾ,

ಅತ್ಯಾಚಾರಕ್ಕೆ ಒಳಗಾದ ಹುಡುಗಿಯ ಬಗ್ಗೆ ನೀನು ಬರೆದ ಕಥೆ ಓದಿದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಿನ ಭಾಗ ತುಂಬಾ ಚೆನ್ನಾಗಿದೆ. ನೀಲಿ ಬಣ್ಣ ಹತ್ತಿದ ಬೆರಳು, ಪೀಸಿನ ಲೆಕ್ಕ, ಸಂಜೆ ಟಂಟಂನಲ್ಲಿ ಸೀಟಿಗಾಗಿ ಜಗಳ. ಅದನ್ನು ಮುಟ್ಟಬೇಡ.

ನನ್ನ ತಕರಾರು ಆಮೇಲಿನದ್ದು. ನಿನ್ನ ಹುಡುಗಿ ತಲೆ ಎತ್ತಿ ನಡೆಯಲ್ಲ, ಫೋನಲ್ಲಿ ಯಾರ ಜೊತೆಗೂ ಮಾತಾಡಲ್ಲ, ಸೋಮವಾರ ತಪ್ಪದೆ ಗುಡಿಗೆ ಹೋಗುತ್ತಾಳೆ. ಅತ್ಯಾಚಾರ ಮಾಡಿದವನು ಊರು ಹೆಸರಿಲ್ಲದ ಲಾರಿ ಡ್ರೈವರ್. ಅವಳು ಚೀರುತ್ತಾಳೆ, ಬಳೆ ಒಡೆಯುತ್ತವೆ, ರಕ್ತ ಬರುತ್ತದೆ. ಇಷ್ಟೆಲ್ಲ ಯಾಕೆ? ಓದುವವರು ಅವಳನ್ನು ನಂಬಲಿ ಅಂತ, ಅಲ್ವಾ? ಅಂದರೆ ಅವಳು ಯಾವನ ಜೊತೆಗೋ ನಗುತ್ತಾ ಬಂದಿದ್ದರೆ, ಹೆದರಿ ಬಾಯಿ ಕಟ್ಟಿ ಸುಮ್ನೆ ನಿಂತಿದ್ದರೆ ನಂಬೋದು ಕಷ್ಟ ಅಂತ ನೀನೇ ಒಪ್ಪಿಕೊಂಡ ಹಾಗಾಯಿತು. ನಿನ್ನ ಕನಿಕರದೊಳಗೇ ಅನುಮಾನ ಕೂತಿದೆ.

"ಹೊತ್ತು ಮುಳುಗಿದ ಮೇಲೆ ಅವಳಿಗೇನು ಕೆಲಸ?" ಅಂತ ಕಟ್ಟೆ ಮೇಲೆ ಕೂತವರು ಕೇಳುತ್ತಾರೆ. ಹೆಣ್ಣು ಹೀಗೇ ಇರಬೇಕು ಅಂತ ಮೊದಲೇ ಗೆರೆ ಹಾಕಿಕೊಂಡವರಿಗೆ, ಗೆರೆ ದಾಟಿದವಳ ಮಾತು ಸುಳ್ಳಾಗಿಯೇ ಕೇಳಿಸುತ್ತದೆ. 1980ರಲ್ಲಿ ಅಮೆರಿಕದ ಸಂಶೋಧಕಿ ಮಾರ್ಥಾ ಬರ್ಟ್ ಅಲ್ಲಿನ ಮಿನ್ನೆಸೋಟಾ ರಾಜ್ಯದ ಜನರನ್ನು ಕೇಳಿ ಕಂಡುಕೊಂಡಿದ್ದೂ ಹೆಚ್ಚುಕಮ್ಮಿ ಇದನ್ನೇ.

ಕೋರ್ಟುಗಳೂ ಇದಕ್ಕೆ ಹೊರತಲ್ಲ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಆರೋಪವಿದ್ದ ಪೊಲೀಸರನ್ನು 1978ರಲ್ಲಿ ಸುಪ್ರೀಂ ಕೋರ್ಟು ಬಿಟ್ಟಿತು. ಮೈಮೇಲೆ ಗಾಯ ಇರಲಿಲ್ಲ ಅನ್ನೋದು ಅದಕ್ಕೆ ಒಂದು ಕಾರಣ. ಪ್ರತಿಭಟಿಸಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಳು ಅಂತಲ್ಲ ಎಂದು ಕಾನೂನಿನಲ್ಲಿ ಬಿಡಿಸಿ ಬರೆದದ್ದು 2013ರಲ್ಲಿ! ದೂರದ ಮಾತೂ ಬೇಡ. 2020ರಲ್ಲಿ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆ ಆದಮೇಲೆ ದಣಿದು ಮಲಗಿದೆ ಅಂದವಳ ಬಗ್ಗೆ 'ಇದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ' ಅನ್ನುವ ಅರ್ಥದ ಸಾಲಿತ್ತು. ಗಲಾಟೆಯಾದ ಮೇಲೆ ತೆಗೆದರು. ದಣಿದವರು ಮಲಗದೆ ಇನ್ನೇನು ಮಾಡಬೇಕಿತ್ತೋ!

ಲಾರಿ ಡ್ರೈವರನ್ನು ಬಿಟ್ಟುಬಿಡು. ಪಾಪ, ನಮ್ಮ ಕಥೆಗಳಲ್ಲಿ ಅವರಿಗೆ ಬೇರೆ ಕೆಲಸವೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿ ನೋಡು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಗುರುತಿನವನೇ. ಅವನು ಯೂನಿಟ್ಟಿನ ಸೂಪರ್‌ವೈಸರ್ ಆಗಲಿ, ಅವಳ ಅಣ್ಣನಿಗೆ ಕೆಲಸ ಕೊಡಿಸಿದವನಾಗಲಿ. ಅವನ ಜೋಕಿಗೆ ಅವಳು ನಕ್ಕಿರಲಿ. ಸೋಮವಾರದ ಗುಡಿ ತೆಗೆದುಹಾಕು. ಮರುದಿನ ಅವಳು ಎಂದಿನ ಹಾಗೆ ಕೆಲಸಕ್ಕೆ ಹೋಗಲಿ. ಶನಿವಾರ ಬಟವಾಡೆ ಇದೆಯಲ್ಲ. ಅವಳು ಹೋಗಿದ್ದಕ್ಕೆ ಯಾವ ಸಮಜಾಯಿಷಿಯನ್ನೂ ಕೊಡಬೇಡ.

ತಿದ್ದಿ ಕಳಿಸು. ಗವಿಮಠದ ಜಾತ್ರೆ ಮುಗಿಯೋವರೆಗೆ ಮನೆ ತುಂಬ ನೆಂಟರು, ಆಮೇಲೆ ಓದುತ್ತೇನೆ.

ನಿನ್ನ ಅಕ್ಕ,
ಕೊಪ್ಪಳ